ಅಕ್ಕಿಕಾಳಿನಷ್ಟು

ಆರು ಲಾರಿ ಕೊಟ್ಟರೆ ಹೊಸದೇ ಬರುತ್ತೆ ಎಂದಳು ತ್ಸಿಯೂರಿ,
ಬಜಾರಿನ ಮೂಲೆಯ ಡಬ್ಬಿ ಅಂಗಡಿಯಲ್ಲಿ.
ಲಾರಿ ಎಂದರೆ ನಮ್ಮಲ್ಲಿ ದುಡ್ಡು.
ಇಪ್ಪತ್ತಾರು ವರ್ಷ ನಾನು ಕಟ್ಟಿದ್ದು ಇನ್ನೊಂದು ಲಾರಿ,
ಆರು ಗಾಲಿಯದ್ದು, ಕುತಾಯಿಸಿಯ ಕಾರ್ಖಾನೆಯಲ್ಲಿ.
ಆ ಲಾರಿ ಈಗ ಎಲ್ಲೂ ಓಡುವುದಿಲ್ಲ,
ಈ ಲಾರಿ ಕೈಯಲ್ಲಿ ನಿಲ್ಲುವುದಿಲ್ಲ.
ಕೊಡಲ್ಲ ಎಂದೆ. ಆರೂ ಇಲ್ಲ, ಅರ್ಧವೂ ಇಲ್ಲ.

ರಿಮೋಟು ಎತ್ತಿದರೆ ಗಿಲಿಗಿಲಿ, ಇಟ್ಟರೆ ಗಿಲಿಗಿಲಿ,
ಒಣಸೋರೆ ಬುರುಡೆಯಲ್ಲಿ ಒಂದೇ ಬೀಜ ಉಳಿದ ಹಾಗೆ.
ಹನ್ನೊಂದು ವರ್ಷ ಅದರ ಪ್ಲಾಸ್ಟಿಕ್ ಕವರು ತೆಗೆದಿರಲಿಲ್ಲ ನಾವು,
ಹೊಸತನ ಎಲ್ಲಿ ಹಾರಿಹೋಗುತ್ತೋ ಎಂದು.
ಕವರು ಹಳದಿಯಾಯಿತು, ಜಿಡ್ಡಾಯಿತು, ಮೂಲೆಗೆ ಹರಿಯಿತು,
ಒಳಗಿನದು ಹೊಸದಾಗಿಯೇ ಮುದಿಯಾಯಿತು.

ಮಧ್ಯಾಹ್ನ ಅಡುಗೆಮನೆಯ ಮೇಜಿಗೆ ಪೇಪರು ಹಾಸಿ ಕೂತೆ.
ಸೆಲ್ಲು ಎರಡೂ ತೆಗೆದೆ. ಅದರಡಿ ಒಂದು ಸ್ಕ್ರೂ,
ಕಣ್ಣಾಮುಚ್ಚಾಲೆಯ ಮಗುವಿನಂತೆ ಉಸಿರು ಬಿಗಿಹಿಡಿದು.
ಅದನ್ನೂ ಬಿಚ್ಚಿದೆ. ಆದರೂ ಬಾಯಿ ಬಿಡಲಿಲ್ಲ ಆಸಾಮಿ.
ಇನ್ನು ಉಳಿದದ್ದು ಕೊಂಡಿಗಳು: ಪಕ್ಕೆಯ ಸಂದಿಗೆ
ಬೆಣ್ಣೆಚಾಕು ತೂರಿಸಿ, ತಿರುವಿ, ಬೈದು, ಮತ್ತೆ ತಿರುವಿ...
ಗಾಲಿಯ ನಟ್ಟಿಗೆ ಜೋತುಬಿದ್ದು ಬಿಗಿದ ಕೈ ಇದು,
ಕಡಲೆಸಿಪ್ಪೆ ಸುಲಿಯುವ ನಾಜೂಕು ಎಲ್ಲಿಂದ ಬರಬೇಕು?
ಟಕ್.
ಟಕ್.
ಆಮೇಲೆ ಸಾಲಾಗಿ ಟಕಟಕ.

ಸೂರ್ಯಕಾಂತಿ ಬೀಜದ ಸಿಪ್ಪೆ. ಉಪ್ಪಿನ ಹರಳು.
ತ್ಸಿಯೂರಿ ಕೆಂಪು ಬಣ್ಣ ಹಾಕುತ್ತಿದ್ದ ಕಾಲದ ಒಂದು ಕೂದಲು.
ಯಾವುದೋ ಹೊಸವರ್ಷದ ಮಿಣಮಿಣ ಕಾಗದದ ಚೂರು,
ಮೇಲಿಷ್ಟು ಜಿಡ್ಡು, ಜೇನಿನಷ್ಟು ದಪ್ಪ.
ರಬ್ಬರಿನ ಹಾಳೆ ಮಗುಚಿದರೆ ಹಿಂದೆಲ್ಲ ಕರೀ ಚುಕ್ಕಿ:
ಸದ್ದು ಏರಿಸುವುದರದ್ದು ಸವೆದು ಬಿಳಚಿಕೊಂಡಿದೆ,
ಇಳಿಸುವುದರದ್ದು ಈಗ ತಾನೇ ಕಾಡಿಗೆ ತೀಡಿದಂತಿದೆ.
ಭಾವ ಕಳಿಸಿದ ದ್ರಾಕ್ಷಿಯ ಚಾಚಾದಲ್ಲಿ ಹತ್ತಿ ಅದ್ದಿ ಒರೆಸಿದೆ.
ಹತ್ತಿಗೊಂದು ಹನಿ, ನನಗೊಂದು ಗುಟುಕು.
ನ್ಯಾಯ ಅಂದಮೇಲೆ ನ್ಯಾಯ.

ಗಿಲಿಗಿಲಿಯ ಕಳ್ಳ ಪೇಪರಿನ ಮೇಲೆ ಉರುಳಿ ಬಿದ್ದ:
ಮುರಿದ ಪ್ಲಾಸ್ಟಿಕ್ ಗೂಟ, ಅಕ್ಕಿಕಾಳಿನಷ್ಟು.
ಇಷ್ಟಕ್ಕೇನಾ ಎಂದು ಜೇಬಿಗೆ ಹಾಕಿಕೊಂಡೆ,
ನಮ್ಮ ಲಿಫ್ಟು ಕಾಸು ನುಂಗದೆ ಮೇಲೇರುವುದಿಲ್ಲ,
ಅದಕ್ಕೆಂದು ಇಟ್ಟ ಚಿಲ್ಲರೆಯ ಜೊತೆ.
ಮುಚ್ಚಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಸೊಲ್ಲಿಲ್ಲ.
ಕಟ್ಟಿದ ಲಾರಿ ಗೇಟು ದಾಟಿ ಹೋದಷ್ಟು ಹೆಮ್ಮೆ.

ಸಂಜೆ ಧಾರಾವಾಹಿಯ ಹೊತ್ತಿಗೆ ನಮ್ಮತ್ತೆ ನಾಜಿಬ್ರೋಲಾ,
ಎಂಬತ್ತೇಳು, ಎರಡೂ ಕಣ್ಣಿಗೆ ಹಾಲು ಸುರಿದಂಥ ಪೊರೆ,
ಕಿಟಕಿಯ ಬಳಿಯಿಂದ ಕೇಳಿದಳು:
"ಟೀವಿ ತಾನಾಗೇ ಬದಲಾಗ್ತಿದೆಯಲ್ಲ,
ಮನೇಲಿ ಯಾರೂ ಇಲ್ವಾ?"
ಇದ್ದೆವು. ಮೂವರು. ಅವಳ ಮಗ್ಗುಲಲ್ಲೇ.

ಆಗ ಗೊತ್ತಾಯಿತು. ಎರಡು ಸಲ ಗಿಲಿ ಎಂದರೆ ಮಗಳು.
ಸೋಫಾದ ಮೇಲೆ ಎಸೆದ ಸದ್ದಾದರೆ ಮರಿಮಗ ಉಚಾ.
ಎತ್ತಿಕೊಂಡು ಏನೂ ಒತ್ತದೆ, ಸಣ್ಣಗೆ ನಡುಗುತ್ತಿದ್ದರೆ ನಾನು.
(ನಡುಗುತ್ತದೆ ಎಂದು ನನಗೇ ಗೊತ್ತಿರಲಿಲ್ಲ.)

ಎಲ್ಲರೂ ಮಲಗಿದ ಮೇಲೆ ಮತ್ತೆ ಬೆಣ್ಣೆಚಾಕು.
ಚಿಲ್ಲರೆ ಸುರಿದು, ತಡಕಿ, ಆ ಚೂರನ್ನು ಹುಡುಕಿ
ಒಳಗೆ ಹಾಕಿ ಒತ್ತಿದೆ. ಅವಸರಕ್ಕೆ
ಕೊಂಡಿಯೊಂದು ಲಟ್ಟನೆ ಮುರಿದು ಒಳಕ್ಕೇ ಜಾರಿತು.
ಬಿಡು, ಬೆಳಗಾಗಲಿ ಎಂದುಕೊಂಡೆ. ಬೆಳಗಾದರೂ ಬಿಟ್ಟೆ.

ಸುದ್ದಿಯ ಹೊತ್ತಿಗೆ ಕೈಗೆತ್ತಿಕೊಂಡೆ.
ಮುದುಕಿ ಕತ್ತು ವಾಲಿಸಿ ಆಲಿಸಿದಳು.
"ಬೊಂದೊ ಬಂದ," ಎಂದಳು. ಆಮೇಲೆ, ತುಸು ತಡೆದು,
"ಜೊತೆಗೆ ಇನ್ಯಾರೋ ಬಂದಿದ್ದಾರೆ.
ಕುರ್ಚಿ ಎಳೆದುಕೊಡಿ ಅವರಿಗೆ."