ಮೂರನೆಯ ನವೆಂಬರ್

ಹಿಟ್ಟು ನಾದುತ್ತಿದ್ದೇನೆ, ಅಪ್ಪ.
ತಿತಿಕಾಕದ ಗಾಳಿ ಬಾಗಿಲ ಸಂದಿಯಿಂದ ನುಗ್ಗಿ
ಒಲೆಯ ಬೂದಿ ಕೆದಕಿ ಹೋಗುತ್ತಿದೆ.
ಸತ್ತವರು ನಾಳೆ ಮಧ್ಯಾಹ್ನ ಹನ್ನೆರಡಕ್ಕೆ ಬರುತ್ತಾರೆ,
ನಾಡಿದ್ದು ಹನ್ನೆರಡಕ್ಕೇ ಹೊರಡುತ್ತಾರೆ.
ಗಡಿಯಾರ ನೋಡಿಯೇ ಬದುಕಿದ ನಿನಗೆ
ಹೇಳಿ ಮಾಡಿಸಿದ ಏರ್ಪಾಡು.
ಇದು ಮೂರನೆಯ ಸಲ, ಕೊನೆಯ ಸಲ;
ಆಮೇಲೆ ನಿನಗಾಗಿ ಮೇಜು ಹಾಸುವಂತಿಲ್ಲ.
ನಿಯೆವೆಸ್ ರೊಟ್ಟಿಯ ಏಣಿ ಮಾಡುತ್ತಿದ್ದಾಳೆ, ನೀನು ಇಳಿದು ಬರಲು.
ಎಲ್ವಿರಾ ಹಿಟ್ಟಿನ ಮಗುವಿಗೆ ಕಣ್ಣಿಡುತ್ತಿದ್ದಾಳೆ.
ನಾನು ಹೊಸೆಯುತ್ತಿರುವುದು ಗಂಟು.

ಸಾರ್ಜೆಂಟ್ ಇಲಾರಿಯೊ ಕಾಯಿಸಾಯ,
ಬೊಲಿವಿಯಾದ ನೌಕಾಪಡೆ, ಇಪ್ಪತ್ತೊಂಬತ್ತು ವರ್ಷ.
ಹೊರಗಿನವರಿಗೆ ನಗೆಯ ಮಾತು:
ಕಡಲೇ ಇಲ್ಲದ ದೇಶಕ್ಕೆ ಕಡಲ ಪಡೆ!
ನೀನು ನಗುತ್ತಿರಲಿಲ್ಲ, ಸಿಟ್ಟಾಗುತ್ತಲೂ ಇರಲಿಲ್ಲ.
ಡೀಸೆಲ್ ಪಂಪಿನ ಹೊಟ್ಟೆಯೊಳಗೆ ಮೊಣಕೈವರೆಗೂ ತೂರಿಸಿ
"ಎಂಜಿನ್ನಿಗೇನು ಗೊತ್ತು, ಅಡಿಯ ನೀರು ಉಪ್ಪೋ ಸಪ್ಪೆಯೋ" ಅನ್ನುತ್ತಿದ್ದೆ.
ಉಪ್ಪಿನ ಋಣ ಅನ್ನುತ್ತಾರಲ್ಲ,
ನೀನು ತಿಂದದ್ದು ಉಯುನಿಯ ಬಿಳಿ ಬಯಲಿನ ಉಪ್ಪು,
ಎಂದೋ ಬತ್ತಿದ ನೀರು
ತೀರಿಸದೆ ಬಿಟ್ಟುಹೋದ ಸಾಲ.

ಪ್ರತಿ ಮಾರ್ಚಿನಲ್ಲಿ ಸಮುದ್ರದ ದಿನ.
ಕೆಂಡದ ಇಸ್ತ್ರಿಪೆಟ್ಟಿಯಲ್ಲಿ ನೀನೇ ತೀಡಿದ ಬಿಳಿ ಅಂಗಿ,
ಚೌಕದಲ್ಲಿ ಕಹಳೆ, ಕಳೆದುಹೋದ ಕರಾವಳಿಗಾಗಿ
ದೊಡ್ಡವರ ದೊಡ್ಡ ಭಾಷಣ.
ಸಾಲಿನಲ್ಲಿ ಕಂಬದಂತೆ ನಿಂತು ನೀನು
ಕಣ್ಣಂಚಲ್ಲೇ ಎಣಿಸುತ್ತಿದ್ದದ್ದು
ನಮ್ಮ ನಾಲ್ಕು ತಲೆ.

ನಸುಕಿಗೇ ಅಮ್ಮ ಮೀನು ಹೊತ್ತು ಸಂತೆಗೆ ಹೋದರೆ
ನಾಲ್ಕು ಹೆಣ್ಣುಮಕ್ಕಳ ಎಂಟು ಜಡೆ ನಿನ್ನ ಪಾಲಿಗೆ.
ಗ್ರೀಸು ಬಿಡದ ಉಗುರು, ಹಗ್ಗ ಹೆಣೆದ ಕೈ,
ತುದಿಗೊಂದು ಹಡಗಿನ ಗಂಟು.
ಶಾಲೆಯ ಹುಡುಗರು ಜಗ್ಗಿ ಜಗ್ಗಿ ಸೋತರು.
ರಾತ್ರಿ ನೀನು ಒಂದೇ ಎಳೆ ಎಳೆದರೆ
ಕೂದಲೆಲ್ಲ ಬೆನ್ನ ಮೇಲೆ.
"ಕಟ್ಟೋಕೆ ಕತ್ತೆಗೂ ಬರುತ್ತೆ ಮಗಳೇ,
ಬಿಚ್ಚೋಕೆ ಬರೋ ಹಾಗೆ ಕಟ್ಟಬೇಕು."

ಒಂದು ಗಂಟನ್ನು ಮಾತ್ರ ನೀನು ಬಿಚ್ಚಲಿಲ್ಲ.

ನನಗೆ ಒಂಬತ್ತು. ಪೆರುವಿನ ಬಂದರಿಗೆ
ಹನ್ನೆರಡು ದಿನದ ತರಬೇತಿ, ಪಟ್ಟಿಯಲ್ಲಿ ನಿನ್ನ ಹೆಸರು.
ನಮ್ಮನ್ನು ಚಿಕ್ಕಮ್ಮನ ಮನೆಯಲ್ಲಿ ಬಿಟ್ಟರು.
ಅಪ್ಪ ಕಡಲಿಗೆ ಹೋಗಿದ್ದಾನೆಂದು
ಕಂಡ ಕಂಡ ಕುರಿಗೂ ಸಾರಿದೆವು.
ನೀನು ಬಂದೆ, ಶಂಖ ತಂದೆ.
ಸಮುದ್ರ ಹೇಗಿದೆ? "ವಿಪರೀತ ಗದ್ದಲ,
ರಾತ್ರಿಯೂ ಮಲಗೋದಿಲ್ಲ. ಆಚೆ ದಡದ ಹೊಗೆ ಕಾಣೋದಿಲ್ಲ."
ಮೊಮ್ಮಕ್ಕಳಿಗೂ ಅದನ್ನೇ ಹೇಳಿದೆ, ಒಂದಕ್ಷರ ಆಚೀಚೆಯಾಗದೆ.

ನೀನು ಹೋದ ಎಂಟನೆಯ ದಿನ
ನಿನ್ನ ಬಟ್ಟೆ ಒಗೆಯುತ್ತ, ಬಿಳಿ ಅಂಗಿ ಹಿಂಡುತ್ತ
ಅಮ್ಮ ಅಂದಳು: "ಎಲ್ಲಿ ನೋಡಿದ ಕಡಲು?
ಎಲ್ವಿರಾಗೆ ಆಗ ಎರಡು, ಎದೆಯಲ್ಲಿ ಕಫ ಕಟ್ಟಿತ್ತು.
ಪಟ್ಟಿಯಿಂದ ಹೆಸರು ಹೊಡೆಸಿಕೊಂಡ.
ಹನ್ನೆರಡು ರಾತ್ರಿ ಲಾ ಪಾಸಿನ ಆಸ್ಪತ್ರೆಯಲ್ಲಿ
ಅವಳನ್ನು ಹೆಗಲಿಗೆ ಹಾಕಿಕೊಂಡು ಅಡ್ಡಾಡಿದ.
ಶಂಖ ತಂದವನು ಗೆಳೆಯ ಬಾಸಿಲಿಯೊ.
ನೀವು ಊರಿಗೆಲ್ಲ ಹೇಳಿಬಿಟ್ಟಿದ್ದಿರಲ್ಲ,
ಸುಳ್ಳು ಮಾಡೋದು ಬೇಡ ಅಂದ."

ವಿಪರೀತ ಗದ್ದಲ, ರಾತ್ರಿಯೂ ಮಲಗೋದಿಲ್ಲ.
ಈಗ ಗೊತ್ತಾಗುತ್ತೆ ಅಪ್ಪ,
ನೀನು ಕಿವಿಗೊಟ್ಟದ್ದು ಯಾವುದಕ್ಕೆಂದು.

ಒಲೆಯಲ್ಲಿ ನನ್ನ ಗಂಟು ಉಬ್ಬಿ, ಸಡಿಲಾಗಿ
ಬರೀ ಮುದ್ದೆರೊಟ್ಟಿಯಾಗಿ ಹೊರಬಂತು.
ರುಫಿನಾ ಎಲ್ ಆಲ್ತೊದ ಕೊನೆಯ ಬಸ್ಸಿಗೆ ಬಂದಿಳಿದು
ಬೂಟು ಕಳಚುವ ಮೊದಲೇ ಒಂದು ತುದಿ ಮುರಿದು
ಬಾಯಿಗಿಟ್ಟು ಮುಖ ಹುಳ್ಳಗೆ ಮಾಡಿದಳು:
"ಉಪ್ಪೇ ಹಾಕಿಲ್ಲವಲ್ಲೇ!"
ಎಲ್ವಿರಾ ನಕ್ಕಳು,
ಎದೆ ತುಂಬ, ತುಂಬ ಹೊತ್ತು, ಒಂದು ಕೆಮ್ಮೂ ಇಲ್ಲದೆ.