ನೆನೆದ ಪುಟದ ಮೌಲ್ಯಮಾಪನ

ಬೊರೋಕಾ ಕೆಲೆಮೆನ್, ಹತ್ತನೆಯ ತರಗತಿ, ಬಿ ವಿಭಾಗ.
ನಿನ್ನ ನೋಟ್‌ಬುಕ್ಕು ಇವತ್ತೂ
ತೇವಕ್ಕೆ ಉಬ್ಬಿದ ಬಾಗಿಲಿನ ಹಾಗೆ ಮುಚ್ಚಲೊಲ್ಲದು.
ಟವಲ್ಲು, ಟೋಪಿ, ಅರ್ಧ ತಿಂದ ಬ್ರೆಡ್ಡು, ನಡುವೆ ಮೋಲ್ ಲೆಕ್ಕ:
ಒಂದೇ ಚೀಲದಲ್ಲಿ ಇಷ್ಟು ಸಂಸಾರ.

ಸೊಲ್ನೊಕ್‌ನಲ್ಲಿ ಬೆಳಗಿನ ಐದೂವರೆಗೆ
ಬಸ್ಸಿನ ಚಾಲಕನಿಗೂ ನಿದ್ದೆ ಬಿಟ್ಟಿರುವುದಿಲ್ಲ.
ಏಳು ಹೊಡೆಯುವಷ್ಟರಲ್ಲಿ ನೀನು
ನಲವತ್ತು ಸಲ ಹೋಗಿ ಬಂದಿರುತ್ತೀಯಂತೆ.
ಎಂಟಕ್ಕೆ ನನ್ನ ಪೀರಿಯಡ್ಡು.
ಕೂದಲ ತುದಿಯ ಮಂಜು ಕರಗಿ, ತೊಟ್ಟಿಕ್ಕಿ
ಬೆಂಚಿನ ಕೆಳಗೊಂದು ಪುಟ್ಟ ಕೆರೆ.
ಬ್ಯೂರೆಟ್ ಹಿಡಿದ ಕೈ ಮಾತ್ರ ಅಲುಗದು.
ಕಣ್ಣು ಮುಚ್ಚಿರುತ್ತದೆ, ಅದು ಬೇರೆ ಮಾತು.

ಯಾರೋ ಕ್ಲೋರಿನ್ ಬಾಟಲಿ ತೆರೆದಿದ್ದಾರೆ ಎಂದು
ಝೊಂಬೊರ್ ನಿನ್ನ ಹಿಂದೆ ಕೂತು ಮೂಗು ಮುಚ್ಚಿದ ದಿನ
ತಲೆ ಎತ್ತದೆಯೇ ಹೇಳಿದೆ:
"ಕ್ಲೋರಿನ್ ಅಲ್ಲ, ಕ್ಲೋರಮೈನ್. ಅದಕ್ಕೆ ಬೆವರು ಸೇರಿದರೆ ಬರೋ ವಾಸನೆ.
ಕೊಳ ನಾರುವುದು ನಮ್ಮಿಂದ."
ಪಠ್ಯದಲ್ಲಿ ಅದಿಲ್ಲ.
ಹದಿನೇಳು ವರ್ಷದಿಂದ ಪಾಠ ಮಾಡುತ್ತಿದ್ದೇನೆ,
ನೀರಿನೊಳಗೂ ಜನ ಬೆವರುತ್ತಾರೆಂದು ನನಗೆ ಹೊಳೆದಿರಲಿಲ್ಲ.

ನನಗೆ ಈಜು ಬಾರದು. ಟಿಸಾ ಹೊಳೆಯ ದಡದವನು, ಈಜು ಬಾರದು.
ನಿನ್ನ ವಯಸ್ಸಿನವನಿದ್ದೆ, ಎರಡು ಸಾವಿರದ ಫೆಬ್ರವರಿ.
ಗಡಿಯಾಚೆ ಎಲ್ಲೋ ಚಿನ್ನ ತೊಳೆದ ನೀರಿನ ಕಟ್ಟೆಯೊಡೆದು
ಸಯನೈಡ್ ಬಂತು. ಬಣ್ಣವಿಲ್ಲ, ಸದ್ದಿಲ್ಲ.
ಸೇತುವೆಯ ಮೇಲೆ ನಿಂತು ನೋಡಿದೆವು:
ಬಿಳಿ ಹೊಟ್ಟೆ ಮೇಲೆ ಮಾಡಿ, ಒಂದರ ಹಿಂದೊಂದು, ಮೀನು.
ಅಪ್ಪ ಟೋಪಿ ತೆಗೆದರು, ಹೆಣ ಹೋಗುವಾಗ ತೆಗೆಯುವ ಹಾಗೆ.
ನಾನು ರಸಾಯನಶಾಸ್ತ್ರ ಹಿಡಿದೆ.
ನೀರನ್ನು ಇಂದಿಗೂ ಲೋಟದಲ್ಲಷ್ಟೇ ನಂಬುತ್ತೇನೆ.

ಇರಲಿ. ಈ ಪುಟ.
ಸಮೀಕರಣ ಮೂರು: ಎಡಕ್ಕೂ ಬಲಕ್ಕೂ ಆಮ್ಲಜನಕ ಸರಿಹೋಗಿಲ್ಲ.
ನಾಲ್ಕು: ಅರ್ಧಕ್ಕೇ ನಿಂತಿದೆ, ಪಕ್ಕದಲ್ಲಿ ಪೆನ್ಸಿಲಿನಿಂದ
2:19.4. ಇದು ಉತ್ತರವಲ್ಲ, ನನಗೆ ಗೊತ್ತು.
ಐದರ ಮೇಲೆ ನೀರು ಚೆಲ್ಲಿದೆ.
ಅಲ್ಲಿ ನಿನ್ನ ಕಪ್ಪು ಶಾಯಿ ಕಪ್ಪಾಗಿ ಉಳಿದಿಲ್ಲ:
ಒಳಗೆ ನೇರಳೆ, ಆಚೆ ನೀಲಿ, ತೀರಾ ಅಂಚಿಗೆ
ಹಳದಿಯ ಒಂದು ಗೆರೆ.
ಮುಂದಿನ ವಾರದ ಪಾಠವಿದು, ಕ್ರೊಮ್ಯಾಟೋಗ್ರಫಿ.
ಒಂದೇ ನೀರು ಎಲ್ಲವನ್ನೂ ಎಳೆಯುತ್ತದೆ,
ಎಷ್ಟು ದೂರ ಹೋಗುವುದೆಂಬುದು
ಅದದರ ಹಟ.

ಶನಿವಾರ ಬಂದಿದ್ದೆ. ನಿನಗೆ ಹೇಳಲಿಲ್ಲ.
ಮೇಲಿನ ಸಾಲಿನಲ್ಲಿ ಕೋಟು ಬಿಚ್ಚದೆ ಕೂತಿದ್ದೆ.
ಅಂಗಾತ ಈಜುವವರಿಗೆ ಗೋಡೆ ಕಾಣುವುದಿಲ್ಲವಂತೆ,
ಮೇಲೆ ತೂಗುವ ಸಣ್ಣ ಬಾವುಟಗಳು ದಾಟಿದ ಮೇಲೆ
ಕೈಬೀಸು ಎಣಿಸಿಕೊಂಡು ನಂಬಬೇಕಂತೆ.
ನೀನು ಎಣಿಸುತ್ತಿದ್ದೆ. ತುಟಿ ಕಂಡಿತು.
ಮೂರನೆಯ ತಿರುವಿನವರೆಗೆ ನೀನೇ ಮುಂದೆ. ಆಮೇಲೆ
ಡೆಬ್ರೆಟ್ಸೆನ್‌ನ ಆ ಎತ್ತರದ ಹುಡುಗಿ, ಆಮೇಲೆ ಇನ್ನಿಬ್ಬರು,
ಬೋರ್ಡಿನಲ್ಲಿ ನಿನ್ನ ಹೆಸರಿನ ಮುಂದೆ ನಾಲ್ಕು.
ಸೆಕೆಂಡಿನ ನೂರರಲ್ಲಿ ಎಂಟು ಪಾಲು.
ಬ್ಯೂರೆಟ್ಟಿನಿಂದ ಕಳಚಿದ ಹನಿ ಬಟ್ಟಲಿಗೆ ಬೀಳಲು
ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಹಗ್ಗಕ್ಕೆ ತೋಳು ಹಾಕಿ
ಪಕ್ಕದವಳಿಗೆ ಏನೋ ಹೇಳಿ ನಕ್ಕೆ.
ಇಲ್ಲ, ಅತ್ತೆಯೋ ಏನೋ.
ನನ್ನ ಕನ್ನಡಕಕ್ಕೆ ಉಗಿ ಹಿಡಿದಿತ್ತು.

ಸೋಮವಾರ, ಮರುಪರೀಕ್ಷೆ ಬೇಕೆನ್ನುತ್ತೀಯ.
ಬೆಳಿಗ್ಗೆ ಬಾ ಎಂದರೆ ಬೆಳಿಗ್ಗೆ ಈಜು, ಸಂಜೆ ಎಂದರೆ ಸಂಜೆಗೂ ಈಜು.
ಮಧ್ಯಾಹ್ನ ಬರ್ತೀನಿ ಸರ್,
ಒಂದು ಕೈಯಲ್ಲಿ ತಿಂತಾ ಬರೆಯಬಹುದಾ?
ಪ್ರಯೋಗಾಲಯದಲ್ಲಿ ತಿನ್ನಕೂಡದೆಂಬ ಫಲಕ ನಾನೇ ಬರೆದದ್ದು.
ಬೇರೆ ಕೋಣೆ ಹುಡುಕುತ್ತೇನೆ.

ಐದನೆಯ ಪ್ರಶ್ನೆಗೆ ಅಂಕ ಕೊಟ್ಟಿಲ್ಲ.
ಸುತ್ತ ಒಂದು ವೃತ್ತ ಎಳೆದು ಬಿಟ್ಟಿದ್ದೇನೆ.
ಪುಟ ಇನ್ನೂ ತುಸು ಹಸಿ.
ನನ್ನ ಕೆಂಪು ಶಾಯಿಯೂ
ಹೊರಟುಬಿಟ್ಟಿದೆ.