ಒಂದು ಸಂಖ್ಯೆಗಿಂತ ಐದು ಕಡಿಮೆ

ಸೊಹಾರಿನ ಕ್ಯಾಂಪಿನಲ್ಲಿ ಶುಕ್ರವಾರ ಮಧ್ಯಾಹ್ನ
ಏಸಿಯ ನೀರು ಪೇಂಟಿನ ಡಬ್ಬಿಗೆ ತೊಟ್ಟಿಕ್ಕುತ್ತದೆ.
ಕೆಳಗಿನ ಮಂಚದಲ್ಲಿ ಹುಲಿಗೆಪ್ಪ,
ಎಡ ಮಣಿಕಟ್ಟಿಗೆ ಪ್ಲಾಸ್ಟರು,
ತೊಡೆಯ ಮೇಲೆ ಚಾರ್ಜ್‌ಹ್ಯಾಂಡ್ ಪರೀಕ್ಷೆಯ ಹಳೇ ಪ್ರಶ್ನೆಪತ್ರಿಕೆ.
ಆರು ವಾರ ಸ್ಕ್ಯಾಫೋಲ್ಡಿಂಗ್ ಹತ್ತುವಂತಿಲ್ಲ.
ನಾನು ಟೈಮ್‌ಕೀಪರ್, ಎಲ್ಲರ ಗಂಟೆ ಬರೆಯುವವನು.
ಎಂಟನೇ ಕ್ಲಾಸಿನ ಗಣಿತ ಇನ್ನೂ ನೆನಪಿರುವವನು ನಾನೊಬ್ಬನೇ ಎಂದು
ಯಾರೋ ಹೇಳಿಬಿಟ್ಟಿದ್ದಾರೆ.

"ಸರ, ಈ ಎಕ್ಸ್ ಅಂದ್ರ ಯಾರ್ರೀ?"
ಯಾರೂ ಅಲ್ಲ ಮಾರಾಯ. ಇನ್ನೂ ಹೆಸರು ಕೂಗದವನು.
ಬೆಳಿಗ್ಗೆ ಐದಕ್ಕೆ ಬಸ್ಸಿನ ಬಾಗಿಲಲ್ಲಿ ನಾನು ತಲೆ ಎಣಿಸುವಾಗ
ಒಂದು ಸೀಟು ಖಾಲಿ ಇರುತ್ತದಲ್ಲ,
ಬರುವವನಿದ್ದಾನೆ, ಯಾರೆಂದು ಗೊತ್ತಿಲ್ಲ,
ಆ ಸೀಟು.

ಪ್ರಶ್ನೆ ಇಂಗ್ಲಿಷಿನದು: ಫೈವ್ ಲೆಸ್ ದ್ಯಾನ್ ಎ ನಂಬರ್.
ಕೇಳಿಸಿಕೊಂಡ ಕ್ರಮದಲ್ಲೇ ಬರೆದ: 5 − x.
ತಪ್ಪು. ಕನ್ನಡದಲ್ಲಿ ಹೇಳು ನೋಡೋಣ.
"ಒಂದು ಸಂಖ್ಯೆಕಿಂತ ಐದು ಕಮ್ಮಿ."
ಹೇಳಿದ ಹಾಗೇ ಬರಿ.
x − 5.
ಪೆನ್ಸಿಲು ಒಂದು ಸಲವೂ ಹಿಂದಕ್ಕೆ ತಿರುಗಲಿಲ್ಲ.
ಇಪ್ಪತ್ತು ವರ್ಷ ಇಂಗ್ಲಿಷಿನಲ್ಲೇ ಕೂಡಿ ಕಳೆಯುತ್ತ ಬಂದವನು ನಾನು,
ನಮ್ಮ ಮಾತು ಇಷ್ಟು ನೆಟ್ಟಗೆ ಲೆಕ್ಕದೊಳಕ್ಕೆ ನಡೆದುಹೋಗುವುದನ್ನು
ಇವತ್ತು ನೋಡಿದೆ.
ಬೀಗಿದೆ ಕೂಡ, ಸ್ವಲ್ಪ ಹೊತ್ತು.
"ಮತ್ತ ನಮ್ಮವ್ವ ಸಂತ್ಯಾಗ 'ಐದು ಕಮ್ಮಿ ನೂರು' ಅಂತಿದ್ದಳಲ್ರೀ?"
ಅಂದ.
ನಾನು ಚಹಾ ಮಾಡಲು ಎದ್ದೆ.

ಮುಂದಿನ ವಾರ ನಮ್ಮದೇ ಲೆಕ್ಕ ಹೂಡಿದೆವು.
ಸಂಬಳ x. ಮೆಸ್ಸಿಗೆ ಹದಿನೆಂಟು ರಿಯಾಲ್. ಊರಿಗೆ ಕಳಿಸುವುದು
ಮೆಸ್ಸು ಕಳೆದು ಅರ್ಧವೋ, ಅರ್ಧ ಮಾಡಿ ಮೆಸ್ಸು ಕಳೆದೋ?
ಬಾಯಲ್ಲಿ ಎರಡಕ್ಕೂ ಒಂದೇ ಉಸಿರು,
ಕಾಗದದ ಮೇಲೆ ಒಂಬತ್ತು ರಿಯಾಲ್ ಅಂತರ.
ಅದಕ್ಕೇ ಕಂಸ ಹಾಕಬೇಕು ಅಂದೆ.
"ಕಂಸ? ತಂಗೀನ್ನ ಜೇಲಿನಾಗ ಇಟ್ಟಾಂವ?"
ಅವನೇ ಅನ್ನು. ಒಳಗಿದ್ದವರ ಲೆಕ್ಕ ಮುಗಿಯುವ ತನಕ
ಹೊರಗಿನವರಿಗೆ ಮುಟ್ಟಗೊಡುವುದಿಲ್ಲ.
ನಕ್ಕು, ತನ್ನ ಪ್ಲಾಸ್ಟರಿನ ಮೇಲೇ ಎರಡು ಗೋಡೆ ಎಳೆದ:
(x − 18) ÷ 2
ಮೇಲಿನ ಮಂಚದ ಬಿಹಾರಿ ಇಣುಕಿ ಕೇಳಿದ, ತಾಯಿತವೇ ಅಂತ.

ರಾತ್ರಿ ಫೋನಿನಲ್ಲಿ ಹೆಂಡತಿಗೆ,
"ಇದ್ದಂಗ ಅದೀನಿ ಬಿಡು."
ಕೈ ಕ್ಯಾಮೆರಾದಿಂದ ಹೊರಗೆ.
ಫೋನಿಟ್ಟು ನನ್ನ ಕಡೆ ತಿರುಗಿ, "ಇದನ್ನ ಬರೀರಿ ನೋಡೂಣು."
ಬರೆದೆ: x = x.
"ತಪ್ಪೇನ್ರೀ?"
ತಪ್ಪಲ್ಲ. ಯಾವ ಬೆಲೆ ಹಾಕಿದರೂ ನಿಜ.
ಅದಕ್ಕೇ ಅದರಿಂದ ಏನೂ ತಿಳಿಯುವುದಿಲ್ಲ.
ಆ ಚೀಟಿ ಮಡಚಿ ಬತಾಕದ ಹಿಂದೆ ಇಟ್ಟುಕೊಂಡ.

ಪ್ಲಾಸ್ಟರು ಬಿಚ್ಚುವ ದಿನ ಕ್ಲಿನಿಕ್ಕಿಗೆ ನಾನೇ ಕರೆದೊಯ್ದೆ.
ಖಲ್ಫಾನ್ ಗರಗಸ ಒರೆಸುತ್ತ, ಅವನ ಹಿಂದಿಯಲ್ಲಿ ಹೇಳಿದ:
ಇದಕ್ಕೆ ನಮ್ಮಲ್ಲಿ ಜಬೀರ ಅನ್ನುತ್ತೇವೆ,
ಜಬ್ರ್ ಅಂದರೆ ಮುರಿದದ್ದನ್ನು ಕೂಡಿಸುವುದು,
ಶಾಲೆಯ ಆ ಲೆಕ್ಕಕ್ಕೂ ಅದೇ ಹೆಸರು.
ನನಗೆ ಬೀಜ ಅಂತಷ್ಟೇ ಗೊತ್ತಿತ್ತು.
ಮೂಳೆ ಅಂತ ಗೊತ್ತಿರಲಿಲ್ಲ.
ಗರಗಸ ಕಂಸದೊಳಗೆ ನುಗ್ಗಿ
ಹದಿನೆಂಟನ್ನು ಒಂದು ಮತ್ತು ಎಂಟು ಮಾಡಿತು.
ಎರಡು ಚಿಪ್ಪು ಬಕೆಟ್ಟಿಗೆ ಬಿದ್ದವು.

ಹೊರಗೆ ಬಿಸಿಲಿನಲ್ಲಿ ಎರಡೂ ಕೈ ಜೊತೆ ಹಿಡಿದು ನೋಡಿದ.
ಎಡಗಡೆಯದು ತೆಳ್ಳಗೆ, ಬಿಳಿಚಿ, ರೋಮವೆಲ್ಲ ಒಂದೇ ದಿಕ್ಕಿಗೆ ಮಲಗಿ.
"ಬಲಗೈಕಿಂತ ಆರು ವಾರ ಕಮ್ಮಿ ಐತ್ರೀ," ಅಂದ.
ಪಿಕಪ್ಪಿನ ಬಾನೆಟ್ಟಿನ ಧೂಳಿನಲ್ಲಿ ಬೆರಳಿಂದ ಬರೆದ:
ಎ = ಬ − 6
ಎರಡೂ ಕಡೆ ಸರಿತೂಗಿಸು ನೋಡೋಣ, ಅಂದೆ.
ಎಡಗೈಯಿಂದಲೇ, ನಿಧಾನಕ್ಕೆ,
ಎ ಪಕ್ಕದಲ್ಲಿ ಕೂಡಿಸುವ ಗುರುತೊಂದು ಗೀಚಿದ,
ಅದರ ಮುಂದೆ ಏನೂ ಬರೆಯದೆ
ಕೈ ಒರೆಸಿಕೊಂಡು ಕೇಳಿದ,
"ಲೈಟ್ ಡ್ಯೂಟಿಗೆ ನೀವು ದಿನಕ್ಕ ಎಷ್ಟು ತಾಸು ಹಾಕೀರಿ?"